ಗೆರೆ ಮೇಸ್ತ್ರಿಯ ತೋರುಬೆರಳು

ನಮ್ಮನೆಯವರಿಗೆ ಜನ ಇಟ್ಟ ಹೆಸರು ಗೆರೆ ಮೇಸ್ತ್ರಿ. ಗೋಡೆಗೆ ಬಣ್ಣ ಬಳಿಯುವವರು ಬೀದಿಗೊಬ್ಬರಿದ್ದಾರೆ. ಎರಡು ಬಣ್ಣ ಕೂಡುವ ಕಡೆ ಟೇಪು ಅಂಟಿಸದೆ, ದಾರ ಹಿಡಿಯದೆ, ಬರೀ ಬ್ರಷ್ಷಿನಲ್ಲಿ ನೆಟ್ಟನೆ ಗೆರೆ ಎಳೆಯುವವರು ಇವರೊಬ್ಬರೇ. ಉಸಿರು ಬಿಗಿಹಿಡಿದು ಬ್ರಷ್ಷು ಇಟ್ಟರೆಂದರೆ ಕೈಗೆ ಎಟುಕುವಷ್ಟು ದೂರ ಎಳೆದ ಮೇಲೇ ಉಸಿರು ಬಿಡುವುದು. ಆಮೇಲೆ ಎಲ್ಲಾದರೂ ಬಣ್ಣ ಚೂರು ಉಬ್ಬಿದ್ದರೆ ಬಲಗೈ ತೋರುಬೆರಳಿನಿಂದ ಸರಕ್ಕನೆ ಒರೆಸಿ, ಬೆರಳನ್ನು ಪ್ಯಾಂಟಿಗೆ ಉಜ್ಜಿಕೊಳ್ಳುವುದು. ಅವರ ಪ್ಯಾಂಟುಗಳೆಲ್ಲ ಬಲತೊಡೆಯ ಮೇಲೆ ಹಲಗೆಯ ಹಾಗೆ ಗಟ್ಟಿ. ಒಗೆಯುವವಳು ನಾನಲ್ಲವೇ, ನನಗೆ ಗೊತ್ತು.

ಆ ಬೆರಳಿಗೆ ಮನೆ, ಕೆಲಸ ಎಂಬ ಭೇದವಿರಲಿಲ್ಲ. ಎಣ್ಣೆ ಸೀಸೆಯ ಬಾಯಲ್ಲಿ ಹನಿ ಕಂಡರೂ ಒರೆಸಬೇಕು, ಹಾಲಿನ ಲೋಟದ ಅಂಚಿನಲ್ಲಿ ಕಂಡರೂ ಒರೆಸಬೇಕು. "ಹುಟ್ಟುಗುಣ ಸುಟ್ಟರೂ ಹೋಗಲ್ಲ" ಎಂದು ನಾನು ರೇಗಿದರೆ, "ಇಳಿದ ಮೇಲೆ ಒರೆಸಿದ್ರೆ ಏನು ಬಂತು? ಹನಿ ಇಳಿಯೋಕೆ ಮುಂಚೆ ಒರೆಸ್ಬೇಕು ಕಣೇ" ಎನ್ನುತ್ತಿದ್ದರು.

ಸೊಟ್ಟ ಗೆರೆಯನ್ನಂತೂ ಯಾರದಾದರೂ ಸರಿ, ಸಹಿಸಿದವರಲ್ಲ. ಸ್ವಂತ ತಂಗಿ ಹೊಸ ಮನೆ ತೋರಿಸಲು ಕರೆದಿದ್ದಳು. ಎಲ್ಲರೂ ಚೆನ್ನಾಗಿದೆ ಚೆನ್ನಾಗಿದೆ ಎನ್ನುತ್ತಿದ್ದಾಗ ಈ ಮಹಾನುಭಾವರು ಕಿಟಕಿಯ ಅಂಚನ್ನೇ ದಿಟ್ಟಿಸಿ, "ಇದನ್ನ ಯಾವ ಕುಡುಕ ಎಳೆದ?" ಎಂದರು. ಎಳೆದದ್ದು ತಂಗಿಯ ಗಂಡ. ಆತ ಇಂದಿಗೂ ನಮ್ಮ ಜೊತೆ ಮುಖ ಕೊಟ್ಟು ಮಾತಾಡುವುದಿಲ್ಲ.

ನಾನೂ ಅದೇ ಕೆಲಸದವಳು. ಹಳೇ ಬಣ್ಣ ಕೆರೆಯುವುದು, ಬಿರುಕಿಗೆ ಪುಟ್ಟಿ ತುಂಬುವುದು, ಕಿಟಕಿ ಬಾಗಿಲಿಗೆ ಕಾಗದ ಅಂಟಿಸುವುದು ನನ್ನ ಪಾಲು. ಬ್ರಷ್ಷು ಮಾತ್ರ ಅವರದು. ಹೀಗೇ ನಡೆದುಹೋಗುತ್ತಿತ್ತು, ಅಷ್ಟರಲ್ಲಿ ಅವರ ಬಲಭುಜ ಹಿಡಿದುಕೊಂಡಿತು. ರೋಲರಿನ ಉದ್ದ ಕೋಲು ಎತ್ತಿದರೆ ಕಣ್ಣಲ್ಲಿ ನೀರು. ಗೆರೆಗೇನೂ ತೊಂದರೆಯಿರಲಿಲ್ಲ, ಅದಕ್ಕೆ ಭುಜ ಬೇಡ, ಬೆರಳು ಸಾಕು. ಆದರೆ ಗೆರೆ ಎಳೆಯುವುದಕ್ಕೆ ಮೊದಲು ಇಡೀ ಗೋಡೆ ಬಳಿಯಬೇಕಲ್ಲ! ಅದಕ್ಕೇ ಬಣ್ಣ ಸಿಂಪಡಿಸುವ ಮಿಷನ್ನು ಕೊಳ್ಳೋಣ ಎಂದರು.

ಅಂಗಡಿಯಲ್ಲಿ ಅವರ ಕಣ್ಣು ಮೊದಲು ಬಿದ್ದದ್ದು ಕೈಯಲ್ಲೇ ಹಿಡಿಯುವ ಚಿಕ್ಕದರ ಮೇಲೆ. ಅಂಗಡಿಯವರು ಬೇಡವೆಂದರು. "ಅದು ಬಾಗಿಲು, ಗ್ರಿಲ್ಲಿಗೆ ಸರಿ ಮೇಸ್ತ್ರಿ. ಹೊರಗೋಡೆ ಬಣ್ಣ ಮಂದ ಇರುತ್ತೆ, ಅದನ್ನ ಎಳೆಯೋ ತಾಕತ್ತು ಇದಕ್ಕಿಲ್ಲ. ನೀರು ಬೆರೆಸಿ ತೆಳ್ಳಗೆ ಮಾಡಿದ್ರೆ ಒಂದು ಮಳೆಗೂ ನಿಲ್ಲಲ್ಲ." ಆಮೇಲೆ ಗಾಲಿಯ ಮೇಲೆ ಕೂತ ದೊಡ್ಡದನ್ನು ತೋರಿಸಿದರು. ಬಕೆಟ್ಟಿಗೆ ಇಳಿಬಿಡುವ ಕೊಳವೆ, ಉದ್ದನೆಯ ಪೈಪು, ತುದಿಯಲ್ಲಿ ಗನ್ನು. ಇದರಲ್ಲಿ ಗಾಳಿ ಬೆರೆಯುವುದಿಲ್ಲವಂತೆ. ಪಂಪು ಬಣ್ಣವನ್ನೇ ಒತ್ತಿ ಒತ್ತಿ ಸೂಜಿಮೊನೆಯಂಥ ತೂತಿನಿಂದ ಹೊರಗೆ ನೂಕುತ್ತದಂತೆ.

"ಗನ್ನಿನ ಮೂತಿ ಕಟ್ಟಿಕೊಂಡ್ರೆ ಮೂತೀನ ಹಿಂದುಮುಂದಾಗಿ ತಿರುಗಿಸಿ ಒಂದು ಸಲ ಹೊಡೀರಿ, ಕಸ ಹಾರಿಹೋಗುತ್ತೆ. ಕೈಯಲ್ಲಿ ಮುಟ್ಟೋದಾದ್ರೆ ಮೊದ್ಲು ಮೋಟರ್ ಆರಿಸಿ, ಪೈಪಲ್ಲಿರೋ ಒತ್ತಡ ಇಳಿಸಿ, ಗನ್ನಿಗೆ ಲಾಕ್ ಹಾಕಿ. ಬೆರಳು ಅಡ್ಡ ಇಟ್ಟೀರಾ ಮತ್ತೆ! ಚರ್ಮ ಸೀಳ್ಕೊಂಡು ಒಳಗೆ ಹೋಗುತ್ತೆ."

"ಆಯ್ತು ಬಿಡ್ರೀ, ನಾನೇನು ಎಳೇ ಮಗುನಾ?" ಎಂದರು ಇವರು. ಕೋಣನ ಮುಂದೆ ಕಿನ್ನರಿ ಬಾರಿಸಿದಂತಾಯಿತು.

ಮೊದಮೊದಲು ಅವರ ಸಂಭ್ರಮ ನೋಡಬೇಕಿತ್ತು. ಹಳೇ ರಟ್ಟಿನ ಮೇಲೆ, ನಮ್ಮ ಹಿತ್ತಿಲಗೋಡೆಯ ಮೇಲೆ ಹೊಡೆದೇ ಹೊಡೆದರು. ಗೋಡೆಯಿಂದ ಮೊಳದಷ್ಟು ದೂರ ನಿಲ್ಲಬೇಕು, ಕೈ ಬೀಸದೆ ಗೋಡೆಯ ಜೊತೆಗೇ ಸಾಗಬೇಕು, ಹಿಂದಿನ ಪಟ್ಟಿಯ ಅರ್ಧ ಮುಚ್ಚುವ ಹಾಗೆ ಮುಂದಿನದು ಬೀಳಬೇಕು. ಅವರಿಗೆ ಬೇಗ ಕೈ ಕುದುರಿತು. ನಾನು ಬಣ್ಣ ಸೋಸಿ ಕೊಡುತ್ತಿದ್ದೆ, ಗೋಡೆ ತರಿತರಿಯಾಗಿದ್ದ ಕಡೆ ಹಿಂದಿನಿಂದ ರೋಲರ್ ಆಡಿಸುತ್ತಿದ್ದೆ. "ಇನ್ನು ಮುಪ್ಪು ಬಂದ್ರೂ ಹೆದರಿಕೆಯಿಲ್ಲ ಕಣೇ" ಎಂದರು. ಅವರ ಬಾಯಲ್ಲಿ ಅಂಥ ಮಾತು ಕೇಳಿ ನನಗೂ ಹೊಟ್ಟೆ ತಣ್ಣಗಾಯಿತು.

ಪಕ್ಕದ ಬೀದಿಯ ಟೀಚರಮ್ಮನ ಮನೆಯ ಮುಂಗೋಡೆ ಹಿಡಿದೆವು. ಅರ್ಧ ಗೋಡೆ ಮುಗಿಯುವಷ್ಟರಲ್ಲಿ ಭುಜ ಸೆಳೆಯಿತೆಂದು ಗನ್ನನ್ನು ಎಡಗೈಗೆ ಬದಲಾಯಿಸಿಕೊಂಡರು. ಕಿಟಕಿಯ ಹತ್ತಿರ ಬಂದಾಗ ಗನ್ನಿನ ಮೂತಿಯಲ್ಲಿ ಬಣ್ಣ ಸೇರಿ ಹನಿಯೊಂದು ತೂಗಿತು. ನಾನು ಏಣಿಯ ಕೆಳಗೇ ಇದ್ದೆ. ಹನಿಯನ್ನು ನಾನೂ ಕಂಡೆ, ಬಲಗೈ ತೋರುಬೆರಳು ಎದ್ದದ್ದನ್ನೂ ಕಂಡೆ. "ರೀ!" ಎನ್ನುವಷ್ಟರಲ್ಲಿ ಒರೆಸಿಯಾಗಿತ್ತು. ಎಡಗೈಯ ಬೆರಳು ಗನ್ನಿನ ಕುದುರೆಯ ಮೇಲೇ ಇತ್ತು. ಪುಸ್ ಎಂದು ಒಂದೇ ಸದ್ದು.

ಕೆಳಗಿಳಿಸಿ ನೋಡಿದೆ. ಬೆರಳ ತುದಿಯಲ್ಲಿ ಸಾಸಿವೆ ಕಾಳಿಗಿಂತ ಸಣ್ಣ ತೂತು. ರಕ್ತವಿಲ್ಲ, ಅಷ್ಟೇನೂ ನೋವೂ ಇಲ್ಲ. ಅವರು ನಕ್ಕೇಬಿಟ್ಟರು. "ಸೊಳ್ಳೆ ಕಚ್ಚಿದ್ರೆ ಇದಕ್ಕಿಂತ ಜೋರಿರುತ್ತೆ."

"ಆಸ್ಪತ್ರೆಗೆ ನಡೀರಿ. ಅಂಗಡಿಯವ್ರು ಹೇಳಿರ್ಲಿಲ್ವಾ?"

"ಗೋಡೆ ಮಧ್ಯಕ್ಕೆ ಬಿಟ್ಟು ಹೋದ್ರೆ ಒಣಗಿ ಜಾಯಿಂಟ್ ಕಾಣುತ್ತೆ. ಮೂಲೆ ಮುಟ್ಟಿಸಿ ಬರ್ತೀನಿ, ಸುಮ್ನಿರು ತಾಯಿ."

ಬೇಡಿಕೊಂಡೆ, ಬೈದೆ, ಮೋಟರಿನ ವೈರು ಕಿತ್ತೆ. ಅವರು ಮತ್ತೆ ಸಿಕ್ಕಿಸಿದರು. ಕಿಟಕಿಗೆ ಅಂಟಿಸುವ ನನ್ನ ಟೇಪನ್ನೇ ಹರಿದು ಬೆರಳಿಗೆ ಸುತ್ತಿಕೊಂಡು ಏಣಿ ಹತ್ತಿದರು. ಗಂಡಸನ್ನು ಹೆಗಲ ಮೇಲೆ ಹೊತ್ತೊಯ್ಯಲು ಆಗುತ್ತದೆಯೇ? ಕೆಳಗೆ ನಿಂತು ಏಣಿ ಹಿಡಿದುಕೊಂಡೆ. ನನ್ನ ಕೈಲಾದದ್ದು ಅಷ್ಟೇ. ಬಣ್ಣ ಒಂದೇ ಸಮನೆ ಬೀಳುತ್ತಾ ಹೋಯಿತು, ಬೆರಳು ಊದುತ್ತಾ ಹೋಯಿತು.

ಮೂಲೆ ಮುಟ್ಟಿದಾಗ ಟೇಪು ಬಿಚ್ಚಲು ಬರಲಿಲ್ಲ, ಬೆರಳೊಳಗೆ ಹೂತುಹೋಗಿತ್ತು. ಆಮೇಲೆ ಅವರೇ "ನಡಿ" ಎಂದರು. ಮುಖ ಬಿಳಿಚಿಕೊಂಡಿತ್ತು.

ಆಸ್ಪತ್ರೆಯ ಡಾಕ್ಟರಮ್ಮ ತೂತು ನೋಡಿದವರೇ ಎದ್ದು ನಿಂತರು. "ಯಾವಾಗ ಆಯ್ತು? ಆಗ್ಲೇ ಯಾಕೆ ಬರ್ಲಿಲ್ಲ?"

ಇವರು ತಲೆ ತಗ್ಗಿಸಿ, "ಗೋಡೆ ಮೂಲೆ ಮುಟ್ಟಿರ್ಲಿಲ್ಲ ಮೇಡಂ" ಎಂದರು.

ಬಣ್ಣ ಬೆರಳೊಳಗೆ ನುಗ್ಗಿ ಅಂಗೈವರೆಗೂ ಹರಿದಿತ್ತಂತೆ. ಕುಯ್ದು, ತೊಳೆದು, ಮತ್ತೆ ಕುಯ್ದರು. ನಾನು ಹೊರಗಿನ ಬೆಂಚಿನ ಮೇಲೆ ಕೂತು, ಕಂಡ ದೇವರಿಗೆಲ್ಲ ಕೈಮುಗಿದೆ. ಕೊನೆಗೆ ಡಾಕ್ಟರಮ್ಮ ಬಂದು ಹೆಗಲ ಮೇಲೆ ಕೈಯಿಟ್ಟು, "ಬೆರಳು ಉಳಿಯಲಿಲ್ಲಮ್ಮ, ಕೈ ಉಳೀತು" ಎಂದರು. ನನಗೆ ಅಳುವೇ ಬರಲಿಲ್ಲ.

ಮನೆಗೆ ಬಂದ ಮೇಲೆ ನೋಡಲು ಬಂದವರೆಲ್ಲ, ಬೆಟ್ಟದಂತೆ ಬಂದದ್ದು ಮಂಜಿನಂತೆ ಹೋಯಿತು ಎಂದರು. ಅವರವರ ಬೆರಳು ಅವರವರ ಹತ್ತಿರವೇ ಇತ್ತಲ್ಲ, ಹೇಳುತ್ತಾರೆ. ಇವರು ಎಡಗೈಯಲ್ಲಿ ಬ್ರಷ್ಷು ಹಿಡಿದು ಹಿತ್ತಿಲಗೋಡೆಯ ಮೇಲೆ ಎಳೆದು ನೋಡುತ್ತಿದ್ದರು, ನಾನು ಬಂದ ಸದ್ದಾದರೆ ಒದ್ದೆಬಟ್ಟೆಯಿಂದ ಅಳಿಸಿಬಿಡುತ್ತಿದ್ದರು. ನಾನು ಅಡುಗೆಮನೆಯಲ್ಲಿ ಬೇಕೆಂದೇ ಪಾತ್ರೆ ಸದ್ದು ಮಾಡಿ, ಆಮೇಲೆ ಹಿತ್ತಿಲಿಗೆ ಹೋಗುತ್ತಿದ್ದೆ.

ಟೀಚರಮ್ಮನ ಮನೆಯಲ್ಲಿ ಕಿಟಕಿಯ ಸುತ್ತ ಕಡುಗಂದು ಪಟ್ಟಿ ಬಾಕಿಯಿತ್ತು. ಬೇರೆಯವರನ್ನು ಕರೆಸುತ್ತೇನೆಂದು ಅವರು ಹೇಳಿಕಳಿಸಿದರು. "ಬೇಡ. ಇವಳು ಎಳೀತಾಳೆ, ನಾನು ನೋಡ್ತೀನಿ" ಎಂದರು ಇವರು. ತಮ್ಮ ಬ್ರಷ್ಷನ್ನು ನನ್ನ ಕೈಗಿಟ್ಟರು. ಟೇಪು ಅಂಟಿಸಿಕೊಳ್ಳಲೇ ಎಂದು ಕೇಳಿದ್ದಕ್ಕೆ ಗುರ್ರೆಂದು ನೋಡಿದರು.

ಏಣಿ ಹತ್ತಿದೆ. ಆ ಮುಂಗೋಡೆಯಲ್ಲಿ ಜಾಯಿಂಟು ಹುಡುಕಿದರೂ ಸಿಗಲಿಲ್ಲ. ಉಸಿರು ಬಿಗಿಹಿಡಿದು ಬ್ರಷ್ಷಿಟ್ಟೆ. ಅರ್ಧ ದಾರಿಯಲ್ಲೇ ಉಸಿರು ಕಟ್ಟಿ, ಗೆರೆ ಹಾವಿನ ಹಾಗೆ ಒಮ್ಮೆ ಹೊರಳಿತು. ಬೀದಿಯಲ್ಲಿ ಹೋಗುವವರಿಗೂ ಕಾಣುವಂತಿತ್ತು. ಬೈಗುಳಕ್ಕೆ ಕಾದೆ. ಕುಡುಕಿ ಅನ್ನಲಿ, ಕುರುಡಿ ಅನ್ನಲಿ, ಬ್ರಷ್ಷು ಕಿತ್ತುಕೊಂಡು ಎಸೆಯಲಿ, ಏನಾದರೂ ಅನ್ನಲಿ ದೇವರೇ ಎಂದುಕೊಂಡೆ.

ಅವರು ಏಣಿ ಹಿಡಿದುಕೊಂಡು, ಕತ್ತೆತ್ತಿ, ಬಹಳ ಹೊತ್ತು ನೋಡಿದರು.

"ನೆಟ್ಟಗಿದೆ. ಇಳಿ" ಎಂದರು.

ಆಸ್ಪತ್ರೆಯ ಬೆಂಚಿನ ಮೇಲೆ ಬಾರದಿದ್ದ ಅಳು ನನಗೆ ಆ ಏಣಿಯ ಮೇಲೆ ಬಂತು.