ನಾಲ್ಕು ಬೆರಳಿನ ಸಂದು

ಓಬಳೇಶಪ್ಪನನ್ನು ನಾನು ಮೊದಲು ನೋಡಿದ್ದು ತೊಂಬತ್ತೇಳನೇ ಇಸವಿಯಲ್ಲಿ, ಕಾನಹೊಸಹಳ್ಳಿ ಹೈವೇ ಪಕ್ಕದ ಪಂಕ್ಚರ್ ಅಂಗಡಿಯಲ್ಲಿ. ನಮ್ಮ ಯಜಮಾನರ ಕಾಂಟೆಸ್ಸಾ ಕಾರಿನ ಹಿಂದಿನ ಗಾಲಿ ಪಂಕ್ಚರ್ ಆಗಿತ್ತು. ನಮ್ಮೂರು ಕೊಟ್ಟೂರಿಗೆ ಅದೊಂದೇ ಆ ನಮೂನೆಯ ಉದ್ದ ಮೂತಿಯ ಕಾರು. ಗಾಲಿ ಕೂಡಿಸಿದ ಮೇಲೆ ಅವನು ಟೈರಿಗೂ ಮಡ್‌ಗಾರ್ಡಿಗೂ ನಡುವೆ ನಾಲ್ಕು ಬೆರಳು ಅಡ್ಡ ಹಿಡಿದು, "ಅವ್ವಾರ, ನೀವೂ ಹಿಡೀರಿ. ಈ ಸಂದು ನಾಕು ಬೆರಳು ಇರೂತನ ಗಾಡಿ ಆರಾಮ ಐತಿ ಅಂತ ತಿಳೀರಿ" ಅಂದ. ಸಹಿ ಹಾಕುವಷ್ಟೇ ಅಕ್ಷರ ಬಲ್ಲವಳು ನಾನು. ಕಾರಿನ ಬಗ್ಗೆ ನನಗೆ ಯಾರಾದರೂ ಕಲಿಸಿದ್ದು ಅದೊಂದೇ.

ಎರಡು ವರ್ಷಕ್ಕೆ ಯಜಮಾನರು ತೀರಿಕೊಂಡರು. ಕಾರು ಮಾರು ಅಂತ ಎಲ್ಲರೂ ಅಂದರು. ನಾನು ಓಬಳೇಶಪ್ಪನನ್ನು ಕರೆಸಿ ಚಾವಿ ಕೊಟ್ಟೆ. ಮದುವೆಗೆ ಬಾಡಿಗೆ ಓಡಿಸು, ಗಾಡಿ ಮಾತ್ರ ಅವರು ಬಿಟ್ಟುಹೋದ ಹಾಗೇ ಇರಲಿ ಅಂದೆ. ವಿಭೂತಿಗಟ್ಟಿ ಮುಟ್ಟಿ ಆಣೆ ಮಾಡಿದ. ಒಳ್ಳೇ ಕೈ ಅವನದು. ಎತ್ತು ಅಡ್ಡ ಬಂದರೆ ಹಾರ್ನ್ ಹೊಡೆಯದೆ ನಿಲ್ಲಿಸಿ ಕಾಯುತ್ತಿದ್ದ. ಬೀಡಿ ಸೇದಬೇಕಾದರೆ ಕಾರಿನಿಂದ ಹತ್ತು ಮಾರು ದೂರ ಹೋಗುತ್ತಿದ್ದ.

ಎರಡು ಸಾವಿರದ ಎರಡರಲ್ಲಿ ಹರಪನಹಳ್ಳಿಯವರೊಬ್ಬರು ಜೀಪಿಗೆ ದಪ್ಪ ಗಾಲಿ ಹಾಕಿಸಿದರು. ಮದುಮಕ್ಕಳೆಲ್ಲ ಅದನ್ನೇ ಕೇಳತೊಡಗಿದರು. ಒಂದು ದಿನ ನಮ್ಮ ಕಾರೂ ದೊಡ್ಡ ಹೊಳೆಯುವ ಗಾಲಿ ಹಾಕಿಕೊಂಡು ಬಾಗಿಲಿಗೆ ಬಂತು.

"ಏನಲೇ ಇದು, ತೊಡಿ ತಟ್ಟಿ ನಿಂತ ಪೈಲ್ವಾನ್ ಆಗೈತಲ್ಲ?"

"ಚಂದ ಕಾಣವಲ್ದೇನ್ರಿ ಅವ್ವಾ?"

ಚಂದ ಕಂಡಿತು, ಸುಳ್ಳು ಯಾಕೆ ಹೇಳಲಿ. "ಚಂದ ಇರ್ಲಿ, ಸಂದು?"

"ಬೆರಳಿಟ್ಟು ನೋಡ್ರಿ."

ಹಿಂದಿನ ಗಾಲಿಗೆ ಹಿಡಿದೆ. ನಾಲ್ಕೂ ಬೆರಳು ಹೋದವು. ಒಪ್ಪಿದೆ.

ಹದಿನೈದು ದಿನಕ್ಕೆ ನನ್ನ ತಂಗಿ ಅನ್ನದಾನಮ್ಮ ಓಬಳೇಶಪ್ಪ ಓಡಿಸುತ್ತಿದ್ದ ಅದೇ ಕಾರಿನಲ್ಲಿ ಚಿಗಟೇರಿಗೆ ಹೊರಟಳು. ತಿರುವಿನಲ್ಲಿ ಮುಂದಿನ ಗಾಲಿ ಮಡ್‌ಗಾರ್ಡಿಗೆ ಉಜ್ಜಿ ಟೈರು ಸೀಳಿತು. ಕಾರು ಜಾಲಿಗಿಡಕ್ಕೆ ನುಗ್ಗಿತು. ತಂಗಿಯ ಬಲಗೈ ಮುರಿಯಿತು.

ಮೆಕ್ಯಾನಿಕ್ ಪಕ್ಕೀರಪ್ಪ ಕಾರಿನ ಕೆಳಗೆ ಮಲಗಿ ನೋಡಿ ಎದ್ದ. "ಹಿಂದ ಸ್ಪ್ರಿಂಗಿಗೆ ಒಂದೊಂದು ಕಬ್ಬಿಣದ ಪಟ್ಟಾ ಹೆಚ್ಚಿಗಿ ಕೂಡ್ಸಿ ಎತ್ತರ ಮಾಡ್ಯಾನ್ರಿ. ಮುಂದ ಎರಡು ಬೆರಳೂ ಇಲ್ಲ, ಸ್ಟೇರಿಂಗ್ ತಿರುಗಿಸಿದ್ರ ತಾಗತೈತಿ. ಇಷ್ಟು ದೊಡ್ಡ ಗಾಲಿಗೆ ಬ್ರೇಕೂ ತಡಾ ಹಿಡೀತಾವ."

ನಾನು ಎಲ್ಲಿ ಬೆರಳು ಇಡುತ್ತೇನೆಂದು ಓಬಳೇಶಪ್ಪನಿಗೆ ಗೊತ್ತಿತ್ತು. ಕಲಿಸಿದವನೇ ಅವನು.

ಅಷ್ಟಕ್ಕೇ ಮುಗಿದಿದ್ದರೆ ನುಂಗಿಕೊಳ್ಳುತ್ತಿದ್ದೆ. ಆಸ್ಪತ್ರೆಯಲ್ಲಿ ತಂಗಿಯ ಮುಂದೆ ನಿಂತು, "ನಾ ಬ್ಯಾಡ ಅಂದೇರಿ, ಗಾಲಿ ಅವ್ವಾರದೇ ಆಸೆ" ಅಂದನಂತೆ. ನಾನು ಹೋಗಿ ಹೇಳಿದ್ದನ್ನು ತಂಗಿ ನಂಬಲಿಲ್ಲ. "ಬೆರಳಿಟ್ಟು ನೋಡಿ ಒಪ್ಪಿದಾಕಿ ನೀನಲ್ಲೇನಕ್ಕಾ? ಈ ವಯಸ್ಸಿನಾಗ ನಿನಗ ಶೋಕಿ ಬೇಕಾಗಿತ್ತೇನು?" ಅಂದಳು. ಅಂದಿನಿಂದ ಅವಳು ನಮ್ಮ ಹೊಸ್ತಿಲು ತುಳಿದಿಲ್ಲ. ನಾನು ಚಾವಿ ವಾಪಸ್ ತರಿಸಿಕೊಂಡು ಕಾರನ್ನು ಮನೆ ಮುಂದೆ ನಿಲ್ಲಿಸಿಬಿಟ್ಟೆ, ಓಬಳೇಶಪ್ಪನಿಗೆ ಹೇಳಿ ಕಳಿಸಿದೆ: ತಂಗಿಯ ಮುಂದೆ ನಿಂತು ನಿಜ ಹೇಳು, ಬೇರೆ ಏನೂ ಬೇಡ.

ಎಂಟು ತಿಂಗಳಿಗೆ ಬಂದ. ಹಳೇ ಗಾಲಿಗಳನ್ನು ತಂದಿದ್ದ. ತಾನೇ ಹೆಚ್ಚಿನ ಪಟ್ಟಾ ಬಿಚ್ಚಿದ, ಗಾಲಿ ಕೂಡಿಸಿದ, ನನ್ನನ್ನು ಹೊರಗೆ ಕರೆದ. ಈ ಸಲ ನಾನು ಹಿಂದೆ ಮುಂದೆ ನಾಲ್ಕೂ ಕಡೆ ಬೆರಳು ಹಿಡಿದೆ. ಆಮೇಲೆ ಕೇಳಿದೆ, "ತಂಗಿ ಮನಿಗಿ ಹೋಗಿದ್ದೇನು?"

ಒರೆಸಿಕೊಂಡ ಕೈಯನ್ನೇ ಮತ್ತೆ ಒರೆಸಿಕೊಂಡ.

"ನಾಕು ಬೆರಳು ಐತಲ್ರಿ ಅವ್ವಾ," ಅಂದ. "ಚಾವಿ ಕೊಡ್ತೀರೇನ್ರಿ?"