ಮನೆಹೆಸರು ಕೇಳಿದ ಮನೆ

ಇಂಗ್ಲೆಂಡಿನ ಉತ್ತರಕ್ಕಿರುವ ಆ ಊರಿಗೆ ನಾನು ಓದಲು ಹೋದದ್ದು ವಯಸ್ಸು ಮೂವತ್ತರ ಹತ್ತಿರ ಬಂದಮೇಲೆ. ಅದಕ್ಕೂ ಮೊದಲು ಗೌರಿಬಿದನೂರಿನಲ್ಲಿ ಆರೋಗ್ಯ ಇಲಾಖೆಯ ಗುತ್ತಿಗೆ ಕೆಲಸದಲ್ಲಿದ್ದೆ. ಸರ್ಕಾರದ ವಿದ್ಯಾರ್ಥಿವೇತನ ಸಿಕ್ಕಿದ್ದರಿಂದ ಹೊರಟೆ. ಆ ಊರು ಹೇಗಿತ್ತು ಎಂದು ಯಾರಾದರೂ ಕೇಳಿದರೆ ನನಗೆ ಮೊದಲು ನೆನಪಾಗುವುದು ದಣಿವು. ಅಲ್ಲಿನವರ ಇಂಗ್ಲಿಷ್ ಅರ್ಥವಾಗುವ ಹೊತ್ತಿಗೆ ಅವರು ಮುಂದಿನ ಮಾತಿಗೆ ಹೋಗಿರುತ್ತಿದ್ದರು. ಹಾಸ್ಟೆಲಿನ ಕೋಣೆ ಬಿಡಬೇಕಾದ ದಿನ ಹತ್ತಿರವಾಗುತ್ತಿತ್ತು. ಪಾಠ ಮುಗಿಸಿ, ಸಣ್ಣಗೆ ಹನಿಯುವ ಮಳೆಯಲ್ಲಿ ಬಾಡಿಗೆ ಮನೆ ನೋಡುತ್ತಾ ತಿರುಗುತ್ತಿದ್ದೆ. ಹೋದಲ್ಲೆಲ್ಲ ಆಗಲೇ ಬೇರೆಯವರಿಗೆ ಕೊಟ್ಟುಬಿಟ್ಟಿರುತ್ತಿದ್ದರು.

ಒಂದು ಸಂಜೆ ಬಸ್ ಸ್ಟಾಪಿನಲ್ಲಿ ನಿಂತು ಅಮ್ಮನ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದೆ. ನಮ್ಮ ಕಡೆಯವರ ಹಾಗೆ ಅರ್ಧ ಕನ್ನಡ, ಅರ್ಧ ತೆಲುಗು. ಪಕ್ಕದಲ್ಲಿದ್ದ ಹುಡುಗಿ ತಟ್ಟನೆ ತಿರುಗಿದಳು.

"ಅಕ್ಕಾ, ನಿಮ್ದು ಯಾವೂರು?"

"ಗೌರಿಬಿದನೂರು."

"ಅಯ್ಯೋ, ನಂದು ಹಿಂದೂಪುರ ಅಕ್ಕಾ! ಒಂದೇ ರೈಲು ನಮಗೆ!"

ಬಸ್ಸು ಬಂದು ಹೋಯಿತು. ನಾವಿಬ್ಬರೂ ಹತ್ತಲಿಲ್ಲ. ವಿದುರಾಶ್ವತ್ಥದ ದಾರಿ, ಹಿಂದೂಪುರದ ಮಾರ್ಕೆಟ್ಟು, ನಮ್ಮೂರಿನ ಸ್ಟೇಷನ್ನಿನ ಹೊರಗಿನ ಬೋಂಡದಂಗಡಿ, ಹೀಗೆ ಮಾತು ಹೋಗುತ್ತಲೇ ಇತ್ತು. ಅವಳು ಬಾಡಿಗೆಗಿದ್ದ ಮನೆಯಲ್ಲಿ ಒಂದು ಕೋಣೆ ಖಾಲಿಯಿತ್ತು. ಆ ವಾರವೇ ಸಾಮಾನು ಸಾಗಿಸಿದೆ.

ಆ ಮನೆಯಲ್ಲಿ ಇನ್ನೊಬ್ಬಳಿದ್ದಳು. ಅನಂತಪುರದ ಕಡೆಯವಳು, ನಮಗಿಂತ ಮೊದಲೇ ಬಂದವಳು, ಅಡುಗೆಮನೆಯ ಯಜಮಾನಿಕೆ ಅವಳದೇ. ಮೊದಲ ದಿನಗಳು ಚೆನ್ನಾಗಿದ್ದವು. ಅವಳು ತನ್ನೂರಿನ ಪಪ್ಪು, ಅಂದರೆ ತೊವ್ವೆ, ಮಾಡುತ್ತಿದ್ದಳು, ನಾನು ಊರಿಂದ ತಂದ ರಾಗಿ ಹಿಟ್ಟಿನಲ್ಲಿ ಮುದ್ದೆ ಕಟ್ಟುತ್ತಿದ್ದೆ. ಮೂವರೂ ಒಟ್ಟಿಗೆ ನೆಲದ ಮೇಲೆ ಕೂತು ಉಣ್ಣುತ್ತಿದ್ದೆವು. ಬೆಚ್ಚಗಿನ ಅನ್ನದ ಹಬೆ ಮುಖಕ್ಕೆ ತಗಲಿದಾಗ, ಇನ್ನು ಪರವಾಗಿಲ್ಲ, ಇಲ್ಲಿ ಬದುಕಬಹುದು ಅನ್ನಿಸಿತ್ತು.

ಒಂದು ಭಾನುವಾರ ಊಟದ ನಡುವೆ ಅನಂತಪುರದವಳು ಕೇಳಿದಳು, "ಮೀ ಇಂಟಿ ಪೇರು ಏಂಟಿ?"

ನಿಮ್ಮ ಮನೆಹೆಸರೇನು ಎಂದು. ತೆಲುಗಿನವರಲ್ಲಿ ಆ ಒಂದು ಹೆಸರು ಸಾಕು, ಉಳಿದದ್ದನ್ನು ಅವರೇ ತಿಳಿದುಕೊಳ್ಳುತ್ತಾರೆ. ನಮಗೆ ಅಂಥದ್ದೇನೂ ಇಲ್ಲ, ಅಪ್ಪನ ಹೆಸರಿನ ಇನಿಶಿಯಲ್ ಅಷ್ಟೇ ಎಂದೆ.

"ಹಂಗಾದ್ರೆ ಮನೆದೇವ್ರು ಯಾವುದು?" ಎಂದಳು, ಈ ಸಲ ಅವಳಿಗೆ ಬರುವಷ್ಟು ಕನ್ನಡದಲ್ಲಿ.

"ನಾವು ಬೌದ್ಧರು."

"ಅದು ಸರಿ. ಅದಕ್ಕೆ ಮೊದಲು?"

ಗೌರಿಬಿದನೂರಿನಲ್ಲಿ ಬಾಡಿಗೆ ಮನೆ ಹುಡುಕುವಾಗ ಈ ಪ್ರಶ್ನೆಯನ್ನು ಎಷ್ಟೋ ಬಾಗಿಲುಗಳಲ್ಲಿ ನಮಗೆ ಕೇಳಿದ್ದರು. ಅಪ್ಪ ಅಮ್ಮ ಕಷ್ಟಪಟ್ಟು ಸ್ವಂತ ಮನೆ ಕಟ್ಟಿಸಿದ್ದೇ ಅದರಿಂದ ತಪ್ಪಿಸಿಕೊಳ್ಳಲು. ಸುಳ್ಳು ಹೇಳಬೇಕೆಂದು ಅನ್ನಿಸಲಿಲ್ಲ. ನಮ್ಮ ಜಾತಿಯ ಹೆಸರು ಹೇಳಿದೆ.

"ಅಯ್ಯೋ, ಇಲ್ಲೆಲ್ಲ ಅದನ್ನ ಯಾರು ನೋಡ್ತಾರೆ!" ಎಂದು ಅವಳು ನಕ್ಕಳು. ಹಿಂದೂಪುರದ ಹುಡುಗಿ ತಟ್ಟೆ ನೋಡುತ್ತಾ ಅನ್ನ ಕಲಸುತ್ತಲೇ ಇದ್ದಳು.

ಯಾರೂ ನನ್ನನ್ನು ಬೈಯಲಿಲ್ಲ. ಆದರೆ ಆ ವಾರದಲ್ಲೇ ಕುಕ್ಕರು ಅಡುಗೆಮನೆಯಿಂದ ಅನಂತಪುರದವಳ ಕೋಣೆಗೆ ಹೋಯಿತು. ಫ್ರಿಜ್ಜಿನಲ್ಲಿ ಕೆಳಗಿನ ಖಾನೆ ಮಾತ್ರ ನನ್ನದೆಂದು ಗೊತ್ತಾಯಿತು. ನಮ್ಮ ನಮ್ಮ ಟೈಮಿಂಗ್ ಬೇರೆ ಅಲ್ವಾ, ಅಡುಗೆ ಬೇರೆ ಬೇರೆ ಮಾಡಿಕೊಂಡರೆ ಅನುಕೂಲ ಎಂದಳು. ನಾನು ಒಲೆಯ ಹತ್ತಿರ ಹೋದರೆ ಅನಂತಪುರದವಳು ಕೆಲಸ ನೆನಪಾದವಳಂತೆ ಎದ್ದು ಹೋಗುತ್ತಿದ್ದಳು. ನನಗೆ ಸಿಟ್ಟು ಕೂಡ ಬರಲಿಲ್ಲ. ಇಷ್ಟು ದೂರ ವಿಮಾನದಲ್ಲಿ ಬಂದು, ಮತ್ತೆ ಅದೇ ಬಾಗಿಲ ಮುಂದೆ ನಿಂತ ಹಾಗಾಗಿ, ಮೈಯೆಲ್ಲ ಭಾರವಾಯಿತು. ಬ್ರೆಡ್ಡು ಕೊಂಡು ಲೈಬ್ರರಿಯಲ್ಲೇ ತಿನ್ನತೊಡಗಿದೆ.

"ಊಟ ಆಯ್ತೇನಮ್ಮಾ?" ಅಮ್ಮ ಫೋನಿನಲ್ಲಿ ಕೇಳಿದರು.

"ಆಯ್ತು."

"ಏನು ಮಾಡಿದ್ದೆ?"

ಬ್ರೆಡ್ಡು ಎಂದೆ. ಅವರೇ ಕೆದಕಿ ಕೇಳಿದರು. ಎಲ್ಲ ಹೇಳಿದೆ.

"ಅನುಸರಿಸ್ಕೊಂಡು ಹೋಗು ಅಂತ ನಾನು ಹೇಳಲ್ಲ ಕಣಮ್ಮಾ. ಬೇರೆ ಮನೆ ನೋಡ್ಕೋ. ಆದ್ರೆ ಯಾಕೆ ಹೋಗ್ತಿದೀಯಾ ಅಂತ ಅವ್ರ ಮುಖಕ್ಕೆ ಹೇಳಿ ಹೋಗು. ನಾವು ಹೇಳ್ದೇನೇ ಎಷ್ಟೋ ಮನೆ ಬಿಟ್ವಿ."

ನನ್ನ ತರಗತಿಯಲ್ಲಿ ನೈಜೀರಿಯಾದ ಒಬ್ಬ ಹೆಂಗಸು ಓದುತ್ತಿದ್ದರು. ಅವರಿದ್ದ ಮನೆಯಲ್ಲಿ ಒಂದು ಇಕ್ಕಟ್ಟಾದ ಕೋಣೆ ಖಾಲಿಯಾಗುವುದಿತ್ತು. ಅಡುಗೆಯಾದ ಮೇಲೆ ಒಲೆ ಆರಿಸುವುದನ್ನು ಮರೆಯುತ್ತೀಯಾ ಎಂದಷ್ಟೇ ಕೇಳಿ ಒಪ್ಪಿಕೊಂಡರು.

ಹೊರಡುವ ದಿನ ಅಡುಗೆಮನೆಯಲ್ಲಿ ಇಬ್ಬರಿಗೂ ಹೇಳಿದೆ. "ನನ್ನ ಜಾತಿ ಗೊತ್ತಾದ ಮೇಲೆ ಈ ಮನೆ ಬದಲಾಯ್ತು. ಅದಕ್ಕೆ ಹೋಗ್ತಿದೀನಿ."

"ನೀವು ತಪ್ಪು ತಿಳ್ಕೊಂಡ್ರಿ," ಎಂದಳು ಅನಂತಪುರದವಳು, ಕೈಯಲ್ಲಿದ್ದ ಲೋಟ ತೊಳೆಯುತ್ತಾ.

ಹಿಂದೂಪುರದ ಹುಡುಗಿ ನನ್ನ ಸೂಟ್‌ಕೇಸ್ ಎಳೆದುಕೊಂಡು ಬಸ್ ಸ್ಟಾಪಿನವರೆಗೂ ಬಂದಳು. ಕಣ್ಣು ತುಂಬಿಕೊಂಡಿತ್ತು.

"ಅಕ್ಕಾ, ನಾನೇನೂ ಹೇಳ್ಲಿಲ್ಲ ಅಲ್ವಾ?"

"ಹೌದಮ್ಮಾ, ನೀನೇನೂ ಹೇಳ್ಲಿಲ್ಲ," ಎಂದೆ. ಅವಳಿಗೆ ಅರ್ಥವಾಯಿತು. ತಲೆ ತಗ್ಗಿಸಿದಳು.

ಹೊಸ ಕೋಣೆಯಲ್ಲಿ ಮಂಚ ಹಾಕಿದರೆ ಬಾಗಿಲು ಪೂರ್ತಿ ತೆರೆಯುತ್ತಿರಲಿಲ್ಲ. ಮರುದಿನ ಮಧ್ಯಾಹ್ನದವರೆಗೂ ನಿದ್ದೆ ಮಾಡಿದೆ. ಎದ್ದು ಅನ್ನಕ್ಕಿಟ್ಟೆ. ನೈಜೀರಿಯಾದ ಗೆಳತಿ ತಮ್ಮ ಖಾರದ ಸಾರಿನ ಪಾತ್ರೆಯನ್ನು ಪಕ್ಕದ ಒಲೆಯ ಮೇಲಿಟ್ಟು, ಸೌಟು ನನ್ನ ಕೈಗೆ ಕೊಟ್ಟು, ತಳ ಹಿಡಿಯದಂತೆ ನೋಡಿಕೋ ಎಂದು ಸ್ನಾನಕ್ಕೆ ಹೋದರು.