ಮಾತಿಗೆ ಓಗೊಡುವವನು

ಸಾಂತಿಗೋನ್ ಎಂಬ ಊರಿನಲ್ಲಿ ಸಭೆಯ ಮಾತು ಒಂಟಿಯಾಗಿ ನಡೆಯುವುದಿಲ್ಲ. ಊರಿನ ಹಿರಿಯ ಒಂದು ವಾಕ್ಯ ಹೇಳಿ ನಿಲ್ಲಿಸುತ್ತಾನೆ. ಆ ನಿಲುಗಡೆಯಲ್ಲಿ ಇನ್ನೊಬ್ಬ ‘ಹೌದು’ ಎನ್ನಬೇಕು, ‘ಹಾಗೇ ಸರಿ’ ಎನ್ನಬೇಕು. ಆಮೇಲೆಯೇ ಎರಡನೆಯ ವಾಕ್ಯ. ಯಾರೂ ಓಗೊಡದ ಮಾತು ನದಿಗೆ ಉಗುಳಿದ ಹಾಗೆ. ಅದನ್ನು ಯಾರೂ ಆಡಲಿಲ್ಲ, ಯಾರೂ ಕೇಳಲಿಲ್ಲ ಎಂದೇ ಲೆಕ್ಕ.

ತಪನಹೋನಿ ನದಿಯ ದಂಡೆಯ ಆ ಊರಿನಲ್ಲಿ ಓಗೊಡುವ ಕೆಲಸ ಅಫಾಂತಿಯದು. ತಲೆ ನರೆತ ಮೇಲೆ ಊರು ಅವನ ಹೆಸರಿನ ಮುಂದೆ ಹಿರಿಯರಿಗೆ ಸಲ್ಲುವ ‘ದಾ’ ಸೇರಿಸಿತು. ಮರದ ದಿಮ್ಮಿಯಲ್ಲಿ ದೋಣಿ ಕೊರೆಯುವುದು ಅವನ ಹೊಟ್ಟೆಪಾಡು. ತಾನಾಗಿ ಎದ್ದು ನಿಂತು ಭಾಷಣ ಮಾಡಿದವನಲ್ಲ. ಆದರೆ ಭಾಷಣ ಮಾಡುವವರೆಲ್ಲ ಮೊದಲು ಕಣ್ಣಲ್ಲಿ ಹುಡುಕುತ್ತಿದ್ದುದು ಅವನನ್ನೇ. ಅವನು ತನ್ನ ಗಿಡ್ಡ ಮಣೆಯ ಮೇಲೆ ಕೂತು ಮೊಣಕಾಲಿಗೆ ಕೈಯೂರಿದನೆಂದರೆ ತೊದಲುವವನಿಗೂ ಧೈರ್ಯ ಬರುತ್ತಿತ್ತು.

ಮಾತಿನಲ್ಲಿ ಜಾತಿಗಳಿವೆ ಎನ್ನುವುದು ಅವನಿಗೆ ಕಿವಿಯಿಂದಲೇ ಗೊತ್ತು. ಪೂರ್ವಿಕರ ಕಂಬದ ಬುಡಕ್ಕೆ ರಮ್ ಸುರಿಯುತ್ತ ಬೇಡಿಕೊಳ್ಳುವ ಮಾತು ಚುರುಕಾದದ್ದು. ಅದಕ್ಕೆ ‘ಹೌದು’ ಬೇಗಬೇಗ ಬೀಳಬೇಕು, ಇಲ್ಲವಾದರೆ ಅಜ್ಜಂದಿರ ಗಮನ ಬೇರೆ ಕಡೆ ಹೋಗುತ್ತದೆ. ಶವಪೆಟ್ಟಿಗೆಯ ಮುಂದೆ ನಿಂತು ‘ನೀನಿನ್ನು ಹೋಗು, ಹೆಂಡತಿಯನ್ನು ಬಿಟ್ಟುಕೊಡು’ ಎಂದು ಸತ್ತವನಿಗೆ ಹೇಳುವಾಗ ಓಗೊಡುವವನ ದನಿ ನೆಲದ ಮೇಲೆ ಹರಿಯಬೇಕು, ತಲೆ ಎತ್ತಬಾರದು. ನ್ಯಾಯದ ಮಾತು ಎಲ್ಲಕ್ಕಿಂತ ಕಷ್ಟದ್ದು. ಅದು ನೆಟ್ಟಗೆ ಬರುವುದೇ ಇಲ್ಲ. ಗಾದೆ ಹಿಡಿದು, ಆಮೆ ಜಿಂಕೆಗಳ ಕತೆ ಹಿಡಿದು, ಸುತ್ತಿ ಬಳಸಿ ಬರುತ್ತದೆ. ಅಲ್ಲಿ ಓಗೊಡುವವನು ಆತುರಪಟ್ಟರೆ ಹೇಳುವವನು ಸಿಟ್ಟಿಗೇಳುತ್ತಾನೆ. ತಡಮಾಡಿದರೆ ತನ್ನ ಮಾತನ್ನು ತಾನೇ ಅನುಮಾನಿಸುತ್ತಾನೆ.

ಒಂದು ಚುನಾವಣೆಯಲ್ಲಿ ಪಟ್ಟಣದಿಂದ ಒಬ್ಬ ಅಭ್ಯರ್ಥಿ ಧ್ವನಿವರ್ಧಕ ಹೊತ್ತು ಬಂದಿದ್ದ. ಮಾತು ಶುರು ಮಾಡಿದವನು ನಿಲ್ಲಿಸಲೇ ಇಲ್ಲ. ಅಫಾಂತಿ ಮುಂದೆ ಕೂತು, ಬಾಯಿ ಅರೆ ತೆರೆದು, ಕೊನೆಯ ತನಕ ಕಾದ.

“ದಾ, ನಡುವೆ ಒಂದು ‘ಹೌದು’ ತುರುಕಬಾರದಿತ್ತಾ?” ಎಂದು ಹುಡುಗರು ಕೆಣಕಿದರು.

“ಎಲ್ಲಿ ತುರುಕ್ಲೋ? ಚಾಕು ತೂರಿಸೋಷ್ಟೂ ಸಂದಿ ಇರಲಿಲ್ಲ. ಪಾಪ, ಅವನೂರಲ್ಲಿ ಅವನಿಗೆ ಓಗೊಡೋರು ಯಾರೂ ಇಲ್ಲ ಅಂತ ಕಾಣುತ್ತೆ. ಅದಕ್ಕೇ ನಿಲ್ಲಿಸೋಕೆ ಭಯ.”

ಊರು ಆ ಮಾತನ್ನು ಬಹಳ ದಿನ ಹೇಳಿಕೊಂಡು ನಕ್ಕಿತು.

ನೀರು ಇಳಿದಿದ್ದ ಒಂದು ಬೇಸಗೆಯಲ್ಲಿ ಆ ನಗೆಯೆಲ್ಲ ನಿಂತುಹೋಯಿತು. ಅಫಾಂತಿಯ ತಂಗಿ ಅಜುಬಾಳ ಮಗ ರೊಮಾನೊ ನದಿಯ ಮೇಲ್ಗಡೆ ಚಿನ್ನ ತೆಗೆಯುವ ಗುಂಡಿಗಳಿಗೆ ದೋಣಿಯಲ್ಲಿ ಪೆಟ್ರೋಲ್ ಪೀಪಾಯಿ ಸಾಗಿಸುತ್ತಿದ್ದ. ಆ ಜನಕ್ಕೆ ಹೊಟ್ಟೆಯ ಮಗನಿಗಿಂತ ತಂಗಿಯ ಮಗ ಹತ್ತಿರ. ಕುಲ ಸಾಗುವುದು ಅವನಲ್ಲಿ. ರೊಮಾನೊ ಮೊದಲ ಸಲ ಹುಟ್ಟು ಹಿಡಿದದ್ದು ಮಾವನ ತೊಡೆಯ ಮೇಲೆ ಕೂತು. ಆ ಬೇಸಗೆಯ ಒಂದು ದಿನ ಕೆಳಗಿನೂರಿನ ಅಕ್ಕತಂಗಿಯರಿಬ್ಬರು ಮರಗೆಣಸಿನ ಬುಟ್ಟಿ ಹೊತ್ತು ದಡದಲ್ಲಿ ನಿಂತು, ತಮ್ಮ ಮೇಲಿನ ಹೊಲದ ತನಕ ಬಿಡು ಎಂದು ಕೇಳಿದರು. ಹತ್ತಿಸಿಕೊಂಡ. ನೀರು ಕಡಿಮೆಯಿದ್ದಾಗ ನಡುನದಿಯ ಬಂಡೆಗಲ್ಲುಗಳ ಬಳಿ ದೋಣಿ ಖಾಲಿ ಮಾಡಿ, ಜನರನ್ನು ದಡದಗುಂಟ ನಡೆಸಬೇಕು. ಪೀಪಾಯಿ ಇಳಿಸಿ ಏರಿಸುವುದರಲ್ಲಿ ಅರ್ಧ ದಿನ ಹೋಗುತ್ತದೆ. ರೊಮಾನೊ ಇಳಿಸಲಿಲ್ಲ.

ದೋಣಿ ಮಗುಚಿತು. ಅವನು ತೇಲುತ್ತಿದ್ದ ಪೀಪಾಯಿಯೊಂದನ್ನು ತಬ್ಬಿಕೊಂಡು ಉಳಿದ. ಹೆಂಗಸರಿಬ್ಬರೂ ಉಳಿಯಲಿಲ್ಲ. ದಡಕ್ಕೆ ಬಂದು ಅವನೇ ಹೇಳಿದ, “ಚಿಕ್ಕವಳು ನನ್ನ ಅಂಗಿ ಹಿಡ್ಕೊಂಡಿದ್ಲು. ಬಿಡಿಸ್ಕೊಂಡೆ.” ಯಾರೂ ಕೇಳಿರಲಿಲ್ಲ. ಅವನಾಗಿಯೇ ಹೇಳಿದ.

ಮಣ್ಣು ಮಾಡುವ ದಿನ ಆ ಹೆಂಗಸರ ಮುಂದೆ ಆಡಿದ ಮಾತಿಗೂ ಓಗೊಟ್ಟವನು ಅಫಾಂತಿಯೇ. ಅಳುವುದು ಮುಗಿದ ಮೇಲೆ ಕೆಳಗಿನೂರಿನವರು ನ್ಯಾಯ ಕೇಳಿದರು, ಸಭೆ ಕರೆಯಲಾಯಿತು. ತೀರ್ಪು ಏನೆಂಬುದು ಎಲ್ಲರಿಗೂ ಮೊದಲೇ ಗೊತ್ತಿತ್ತು. ರೊಮಾನೊ ಬದುಕಿರುವ ತನಕ ಈ ನದಿಗೆ ಕಾಲಿಡುವಂತಿಲ್ಲ.

ಸಭೆಯ ಹಿಂದಿನ ಸಂಜೆ ಅಜುಬಾ ಅಣ್ಣನ ಅಂಗಳಕ್ಕೆ ಬಂದಳು. ಅಫಾಂತಿ ದೋಣಿ ಕೆತ್ತುವ ಬಾಚಿಯನ್ನು ಮಸೆಯುತ್ತಿದ್ದ.

“ಅಣ್ಣಾ, ನಾಳೆ ನೀನು ಬಾಯಿ ತೆರೀಬೇಡ.”

ಅವನು ಮಸೆಯುವುದನ್ನು ನಿಲ್ಲಿಸಲಿಲ್ಲ.

“ಹಿರಿಯ ಅಕೊಯ್ ಹೇಳೋದನ್ನ ಹೇಳ್ಲಿ. ನೀನು ಹೌದು ಅನ್ನದಿದ್ರೆ ಅದು ಹೇಳಿದ ಹಾಗೇ ಅಲ್ಲ.”

“ಇನ್ನೊಬ್ಬ ಅಂತಾನೆ.”

“ಯಾರಂತಾರೆ? ನೀನು ಕೂತಿರೋವಾಗ ನಿನ್ನ ಬಾಯಿಂದ ಮಾತು ಕಿತ್ಕೊಳ್ಳೋಷ್ಟು ಎದೆ ಈ ಊರಲ್ಲಿ ಯಾರಿಗಿದೆ?”

“ಅಜುಬಾ, ಸತ್ತೋರ ತಾಯಿ ಆ ಮುದುಕಿಗೆ ಇದ್ದಿದ್ದೇ ಇಬ್ಬರು ಹೆಣ್ಣುಮಕ್ಕಳು.”

“ನಂಗೆ ಇರೋದು ಒಬ್ನೇ.” ಅವಳು ಅಲ್ಲೇ ಕುಕ್ಕರಿಸಿದಳು. “ಪಟ್ಟಣದಲ್ಲಿ ಅವನು ಏನ್ ಮಾಡ್ತಾನೆ? ಗೋಡೆಗೆ ಹುಟ್ಟು ಹಾಕ್ತಾನಾ? ನಾಳೆ ಅವನು ಸತ್ರೆ ಇಲ್ಲಿ ಆರಡಿ ಮಣ್ಣೂ ಸಿಗಲ್ಲ ಅಣ್ಣಾ. ಅಜ್ಜಂದಿರ ಹತ್ರ ಮಲಗಿಸೋ ಹಾಗಿಲ್ಲ. ಯಾವುದೋ ಊರಲ್ಲಿ ಯಾರೋ ಹೂತು ಹಾಕ್ತಾರೆ.”

ಬಾಚಿಯ ಅಲಗನ್ನು ಅವನು ಹೆಬ್ಬೆರಳಿನಿಂದ ಮುಟ್ಟಿ ನೋಡಿದ.

“ನಾಳೆ ನೀನು ಹೌದು ಅಂದ್ರೆ, ನನ್ನ ಬಾಯಲ್ಲಿ ಅಣ್ಣ ಅನ್ನೋ ಮಾತು ಇನ್ನು ಬರಲ್ಲ” ಎಂದು ಅಜುಬಾ ಎದ್ದಳು.

ಬೆಳಗ್ಗೆ ಬಿಸಿಲು ಬಲಿಯುವ ಮೊದಲೇ ಸಭೆ ಕೂಡಿತು. ಸೂರಿನ ಕೆಳಗೆ ಒಂದು ಕಡೆ ಸಾಂತಿಗೋನಿನವರು, ಎದುರು ಕೆಳಗಿನೂರಿನವರು. ಅವರ ನಡುವೆ ಸತ್ತ ಹೆಂಗಸರ ತಾಯಿ ಮಾ ಕ್ವಾಸಿಬಾ, ತಲೆಗೆ ಬಿಳಿ ಬಟ್ಟೆ ಬಿಗಿದು ಕೂತಿದ್ದಳು. ರೊಮಾನೊ ಹೊರಗಿನ ಕಂಬಕ್ಕೆ ಒರಗಿದ್ದ. ದಿನಗಟ್ಟಲೆ ಸರಿಯಾಗಿ ಉಣ್ಣದ ಅವನ ಕುತ್ತಿಗೆ ಕೋಲಿನ ಹಾಗಾಗಿತ್ತು. ಆಪಾದಿತ ಸಭೆಯಲ್ಲಿ ಮಾತಾಡುವಂತಿಲ್ಲ.

ಊರಿನ ಹಿರಿಯ ದಾ ಅಕೊಯ್ ಕೋಲನ್ನು ಅಡ್ಡ ಇಟ್ಟುಕೊಂಡ.

“ದಾ ಅಫಾಂತಿ, ಮಾತು ನಿನ್ನ ಕೈಗೆ ಕೊಡ್ತಿದೀನಿ. ಸಭೆಗೆ ಮುಟ್ಟಿಸು.”

“ಮುಟ್ಟಿಸ್ತೀನಿ.”

“ನದೀಲಿ ಕಲ್ಲಿದೆ.”

“ಇದೆ.”

“ಕಲ್ಲು ನಿನ್ನೆ ಹುಟ್ಟಿದ್ದಲ್ಲ.”

“ಅಲ್ಲ.”

“ಅಜ್ಜಂದಿರು ಅದಕ್ಕೆ ಹೆಸರಿಟ್ರು. ಮಕ್ಕಳು ಮರೀಬಾರದು ಅಂತ ಇಟ್ರು.”

“ಹೌದು, ಅದಕ್ಕೇ ಇಟ್ರು.”

“ಒಬ್ಬ ಮರೆತ.”

ಅಫಾಂತಿ ತುಟಿ ತೆರೆದ. ದನಿ ಬರಲಿಲ್ಲ. ತಂಗಿಯ ಮಾತು ಕೇಳಬೇಕೆಂದು ಅವನು ತೀರ್ಮಾನಿಸಿರಲಿಲ್ಲ. ಕೇಳಬಾರದೆಂದೂ ತೀರ್ಮಾನಿಸಿರಲಿಲ್ಲ. ಹೆಂಗಸರ ಸಾಲಿನಲ್ಲಿ ಅಜುಬಾ ಉಸಿರೆಳೆದು ಬಿಗಿಹಿಡಿದದ್ದು ಅವನಿಗೆ ಕೇಳಿಸಿತು.

ಅಕೊಯ್ ಇನ್ನೊಮ್ಮೆ ಹೇಳಿದ, “ಒಬ್ಬ ಮರೆತ.”

ಕೋಳಿಯೊಂದು ಸಭೆಯ ನಡುವೆ ಹಾದುಹೋಯಿತು. ಯಾರೂ ಓಡಿಸಲಿಲ್ಲ.

“ಯಾಕೆ ದಾ?” ಎದುರಿನ ಸಾಲಿನಿಂದ ಒಬ್ಬ ಕೂಗಿದ. “ನಮ್ಮ ಹೆಣಗಳ ಮುಂದೆ ಚೆನ್ನಾಗಿ ಆಡ್ತಿತ್ತಲ್ಲ ನಾಲಿಗೆ! ನಿಮ್ಮ ಮನೆ ವಿಷಯ ಬಂತು ಅಂತ ನುಂಗಿಬಿಟ್ರಾ?”

ಅಫಾಂತಿ ತಲೆ ತಗ್ಗಿಸಿದ. ಸಾಂತಿಗೋನಿನ ಗಂಡಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು, ಯಾರ ಬಾಯಿಯೂ ತೆರೆಯಲಿಲ್ಲ. ಅಜುಬಾಳ ಎಣಿಕೆ ಸರಿಯಾಗಿತ್ತು. ಮಾತು ಎಲ್ಲರ ನಡುವೆ ಹೆಣದಂತೆ ಬಿದ್ದಿತ್ತು. ಮಾ ಕ್ವಾಸಿಬಾ ಮಾತ್ರ, ಮುಂದಿನದು ಬರುತ್ತದೆ ಎನ್ನುವ ಹಾಗೆ, ಮೊಣಕಾಲಿನ ಮೇಲೆ ಕೈಯಿಟ್ಟು ಕಾಯುತ್ತಿದ್ದಳು.

“ಹೌದು. ಮರೆತೆ.”

ಕಂಬದ ಕಡೆಯಿಂದ ಬಂದ ದನಿ. ರೊಮಾನೊ ನೆಟ್ಟಗೆ ನಿಂತಿದ್ದ. ಅವನು ನೋಡುತ್ತಿದ್ದುದು ಹಿರಿಯನನ್ನಲ್ಲ, ಆ ಮುದುಕಿಯನ್ನು.

ಅಕೊಯ್ ಗಲಿಬಿಲಿಗೊಂಡ. ಆದರೆ ಓಗೊಟ್ಟ ಮೇಲೆ ಮಾತು ಮುಂದೆ ಹೋಗಲೇಬೇಕು. ಅದನ್ನು ತಡೆಯುವುದು ಅವನಿಗೂ ಗೊತ್ತಿರಲಿಲ್ಲ.

“ಎರಡು ಜೀವ ಹೋಯ್ತು.”

“ಹೋಯ್ತು. ನನ್ನಿಂದ.”

“ಒಬ್ಳ ಕೈ—”

“ಬಿಡಿಸ್ಕೊಂಡೆ.”

ವಾಕ್ಯ ಮುಗಿಯುವ ಮೊದಲೇ ಅವನು ಓಗೊಡುತ್ತಿದ್ದ. ಹೊಡೆತ ಬೀಳುವ ಮೊದಲೇ ಬೆನ್ನು ಕೊಟ್ಟ ಹಾಗೆ. ಆ ಹದಗೆಟ್ಟ ಲಯ ಅಫಾಂತಿಯ ಎದೆಯನ್ನು ಬಾಚಿಯಂತೆ ಕೆತ್ತಿತು. ಇನ್ನು ನಾಲ್ಕು ಮಾತು ಕಳೆದರೆ ತೀರ್ಪು. ‘ಇವನಿಗೆ ಈ ನೀರಿಲ್ಲ’ ಎಂದು ಅಕೊಯ್ ಹೇಳುತ್ತಾನೆ. ‘ಇಲ್ಲ’ ಎಂದು ಹುಡುಗ ತನ್ನ ಬಾಯಿಂದಲೇ ಹೇಳಬೇಕು, ಊರೆಲ್ಲ ಬಾಯಿ ಮುಚ್ಚಿ ಕೂತಿರುವಾಗ, ಒಬ್ಬನೇ.

ಅಫಾಂತಿ ಕೈಯೆತ್ತಿದ.

“ಕೂತ್ಕೋ ಮಗನೇ. ಅದು ನಿನ್ನ ಕೆಲಸ ಅಲ್ಲ.”

“ಮಾವಾ, ನಾನೇ—”

“ಕೂತ್ಕೋ ಅಂದೆ.”

ರೊಮಾನೊ ಕಂಬದ ಬುಡದಲ್ಲಿ ಕುಸಿದ. ಅಫಾಂತಿ ಹೆಂಗಸರ ಸಾಲಿನ ಕಡೆ ತಿರುಗಲಿಲ್ಲ. ತಿರುಗಿದ್ದರೆ ಮುಂದಿನದು ಅವನಿಂದ ಆಗುತ್ತಿರಲಿಲ್ಲ.

“ದಾ ಅಕೊಯ್, ಮಾತು ನನ್ನ ಕೈಲಿದೆ. ಹೇಳು.”

“ಸತ್ತೋರ ತಾಯಿ ಇಲ್ಲಿ ಕೂತಿದಾಳೆ.”

“ಕೂತಿದಾಳೆ.”

“ಅವಳು ನೀರಿಗೆ ಬಂದಾಗ ಇವನ ಮುಖ ಕಾಣಬಾರದು.”

“ಕಾಣಬಾರದು.”

“ಇವನಿಗೆ ಈ ನೀರಿಲ್ಲ.”

ಒಂದು ಉಸಿರಿನ ಅಳತೆ. ಅದಕ್ಕಿಂತ ಹೆಚ್ಚಿಲ್ಲ, ಕಡಿಮೆಯಿಲ್ಲ.

“ಇಲ್ಲ.”

“ಈ ಮಣ್ಣೂ ಇಲ್ಲ.”

“ಇಲ್ಲ.”

“ಬಿಸಿಲು ಇಳಿಯೋ ಮೊದಲು ಹೊರಡ್ತಾನೆ.”

“ಹೊರಡ್ತಾನೆ,” ಎಂದ ಅಫಾಂತಿ. ದನಿ ನೆಲದ ಮೇಲೆ ಹರಿಯಿತು. ಸತ್ತವರ ಮುಂದೆ ಮಾತ್ರ ಅವನು ಓಗೊಡುತ್ತಿದ್ದ ದನಿ ಅದು.

ಮಾ ಕ್ವಾಸಿಬಾ ಎದ್ದು, ಯಾರ ಕಡೆಯೂ ನೋಡದೆ, ತನ್ನವರ ಹಿಂದೆ ನಡೆದಳು. ಅವಳ ಮುಖದಲ್ಲಿ ಸಮಾಧಾನ ಕಾಣಲಿಲ್ಲ.

ಮಧ್ಯಾಹ್ನ ಅಫಾಂತಿಯೇ ದೋಣಿ ತಂದ. ಹುಟ್ಟಾಗಲಿ ಮೋಟರಾಗಲಿ ರೊಮಾನೊನ ಕೈ ಇನ್ನು ಮುಟ್ಟುವಂತಿರಲಿಲ್ಲ. ಅವನು ನಡುವಿನ ಹಲಗೆಯ ಮೇಲೆ, ಪ್ರಯಾಣಿಕನ ಹಾಗೆ, ಬರಿಗೈಯಲ್ಲಿ ಕೂತ. ಅಜುಬಾ ಹುರಿದ ಮರಗೆಣಸಿನ ಪುಡಿಯ ಚೀಲವನ್ನೂ ಹೊಗೆ ಹಾಕಿದ ಮೀನನ್ನೂ ಮಗನ ಕಾಲ ಬಳಿ ಇಟ್ಟಳು. ಅವನ ಅಂಗಿಯ ಗುಂಡಿ ಹಾಕಿದಳು. ದೋಣಿಯ ಹಿಂದೆ, ಕೈಗೆಟುಕುವಷ್ಟು ದೂರದಲ್ಲಿ, ಅಣ್ಣ ನಿಂತಿದ್ದ.

“ಹುಷಾರಾಗಿ ನಡೆಸ್ಬೇಕು ಅಂತ ಅವರಿಗೆ ಹೇಳು,” ಎಂದಳು ಮಗನಿಗೆ.

ರೊಮಾನೊ ತಾಯಿಯನ್ನು ನೋಡಿದ, ಮಾವನನ್ನು ನೋಡಿದ.

“ಮಾವಾ, ಹುಷಾರಾಗಿ ನಡೆಸ್ಬೇಕಂತೆ.”

ಅಫಾಂತಿ ದಡಕ್ಕೆ ಕೋಲು ಒತ್ತಿ ದೋಣಿಯನ್ನು ನೀರಿಗೆ ಬಿಟ್ಟ.